ಹುಳುಮನೆಯ ಫೋನು

"ಮುಷ್ಟಿ ಬಿಡಿ ಅತ್ತೆ, ನಿಮ್ ಕೈಯೇನು ಕಚ್ಚಿ ತಿಂದ್ಬುಡ್ತೀನಾ?" ಎಂದಳು ಕವನ, ಕೊಬ್ಬರಿ ಎಣ್ಣೆಯ ಬಟ್ಟಲನ್ನು ಪಕ್ಕಕ್ಕಿಡುತ್ತ.

ಸೊಸೆಯ ಒಂದು ಮಾತಿಗೆ ನಾಲ್ಕು ಮಾತು ಆಡುವ ಗಿರಿಜಾಂಬ ಅಂದು ಮುಷ್ಟಿಯನ್ನು ಇನ್ನಷ್ಟು ಬಿಗಿ ಮಾಡಿದರು. ಕವನಳೇ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. ಅಂಗೈ ತುಂಬ ಬಿರುಕು. ಬೆರಳ ಸಂದಿಯಲ್ಲಿ ಚರ್ಮ ಸುಲಿದು ಕೆಂಪಾಗಿತ್ತು.

"ಬ್ಲೀಚಿಂಗ್ ನೀರು ಕಣವ್ವ. ಫೋನ್ ಮುಟ್ಟಿದ್ ಕೈನ ತೊಳೀದೆ ಹುಳಕ್ಕೆ ಸೊಪ್ಪು ಹಾಕೋಕಾಯ್ತದಾ? ರೋಗ ಹತ್ತುದ್ರೆ ಬೆಳೆಯೇ ಹೋಯ್ತದೆ."

ಕವನಳ ಕೈ ಅಲ್ಲೇ ನಿಂತಿತು. ಆ ಫೋನಿನಲ್ಲಿದ್ದದ್ದು ಬಿಡದಿಯ ಆಫೀಸಿನಲ್ಲಿ ಅವಳೇ ಮಾಡಿದ ಆ್ಯಪ್. ರೇಷ್ಮೆ ಹುಳುಮನೆಯ ಶಾಖ ಎಷ್ಟಿದೆ ಎಂದು ತಿಳಿಸುವುದಷ್ಟೇ ಅದರ ಕೆಲಸ. ಮೊದಮೊದಲು ತೆರೆದ ಕೂಡಲೇ ಶಾಖ ಕಾಣುತ್ತಿತ್ತು. ಆಮೇಲೆ ಆಫೀಸು, ರೈತರು ಎಷ್ಟು ಸಲ ಒತ್ತುತ್ತಾರೋ ಅದನ್ನು ನೋಡಿ ಬಡ್ತಿ ಎಂದಿತು. ಹೆಚ್ಚು ಒತ್ತಲೆಂದು ಶುಭೋದಯದ ಪರದೆ ಬಂತು, ದಿನಕ್ಕೊಂದು ಸಲಹೆ ಬಂತು, ನಕ್ಷತ್ರ ಗಳಿಸುವ ಆಟವೂ ಬಂತು. ಪಾಪದ ಶಾಖ ಎಲ್ಲದರ ಹಿಂದೆ ಹೋಗಿ ಕೂತಿತು. ಆಫೀಸಿನ ಗೋಡೆಯ ಬೋರ್ಡಿನಲ್ಲಿ ಒತ್ತಿದ ಲೆಕ್ಕದ ಗೆರೆ ಏರಿದಾಗಲೆಲ್ಲ ಚಪ್ಪಾಳೆ. ಎಲ್ಲರಿಗಿಂತ ಜೋರಾಗಿ ತಟ್ಟಿದವಳು ಕವನ. ಈ ಸಲ ಟೀಮ್ ಲೀಡರ್ ಅವಳೇ ಎಂದು ಮ್ಯಾನೇಜರ್ ಅಶೋಕ್ ಹೆಚ್ಚುಕಮ್ಮಿ ಹೇಳಿಯೇಬಿಟ್ಟಿದ್ದ. ಆ ಹುದ್ದೆಯ ಮೇಲೆ ಅವಳಿಗೆ ತುಂಬ ಆಸೆಯಿತ್ತು.

"ಶಾಖ ನೋಡೋಕೆ ಇಷ್ಟು ಕಷ್ಟ ಅಂತ ನಂಗೊಂದ್ ಮಾತು ಹೇಳ್ಬಾರ್ದಿತ್ತಾ?"

"ಶಾಖಕ್ಕೆ ನಾಕೈದ್ ಸಲ ಒತ್ತುದ್ರೆ ಒತ್ಕಂಡೆ, ಅದೇನ್ ಮಹಾ. ಮಿಕ್ಕಿದ್ದೆಲ್ಲ ನಿಂಗೋಸ್ಕರ," ಎಂದು ಗಿರಿಜಾಂಬ ತಲೆ ತಗ್ಗಿಸಿದರು. "ಜನ ಒತ್ತುದಷ್ಟೂ ನಿನ್ನ ಲೀಡ್ರು ಮಾಡ್ತಾರೆ ಅಂತ ದಯಾನಂದ ಅಂದ. ಅದ್ಕೇ ಹೋಗ್ತಾ ಬತ್ತಾ ಒಸಿ ಒತ್ಬುಡ್ತೀನಿ."

ಗಂಡ ದಯಾನಂದನ ಬಾಯಿಗೆ ಬೀಗವಿಲ್ಲವೆಂದು ಕವನಳಿಗೆ ನಗು ಬಂತು. ಆದರೆ ಅಂಗೈ ಕಂಡು ಅದು ಅರ್ಧಕ್ಕೇ ನಿಂತಿತು. ಅವಳು ಬಿರುಕುಗಳಿಗೆ ಎಣ್ಣೆ ಸವರಿದಳು.

ಮರುದಿನ ಅಶೋಕ್ ಎದುರು ನಿಂತು, ಫೋನು ಮುಟ್ಟದೆಯೇ ಶಾಖ ದಪ್ಪಕ್ಷರದಲ್ಲಿ ಕಾಣುವಂತೆ ಮಾಡುತ್ತೇನೆ ಎಂದಳು.

"ಒತ್ತೋದೇ ಬೇಡ ಅಂದ್ರೆ ನಿನ್ ಗೆರೆ ನೆಲಕಚ್ಚುತ್ತೆ ಕಣಮ್ಮ. ಲೀಡರ್ ಕೆಲಸ ನವ್ಯಶ್ರೀಗೆ ಹೋಗುತ್ತೆ. ಆಮೇಲೆ ನನ್ನನ್ನ ಬೈಕೋಬೇಡ."

"ಬೈಕೊಳ್ಳಲ್ಲ ಸರ್," ಎಂದಳು. ದನಿ ಅಷ್ಟೇನೂ ಗಟ್ಟಿಯಾಗಿರಲಿಲ್ಲ.

ಕವನ ಹಾಗೆಯೇ ಮಾಡಿದಳು, ತಿಂಗಳೊಳಗೆ ಗೆರೆ ನೆಲಕಚ್ಚಿತು. ಪಕ್ಕದ ಟೇಬಲ್ಲಿನ ನವ್ಯಶ್ರೀ ಲೀಡರ್ ಆಗಿ ಮೈಸೂರ್‌ಪಾಕು ಹಂಚಿದಳು. ಕವನ ಕೈ ಕುಲುಕಿ ತಿಂದಳು. ಹೊಟ್ಟೆ ಉರಿಯಲಿಲ್ಲ ಎಂದರೆ ಸುಳ್ಳಾದೀತು.

ಆ ಸಂಜೆ ಬೈರಮಂಗಲದ ಮನೆಗೆ ಬಂದಾಗ ಹುಳುಗಳು ಸೊಪ್ಪು ಮೇಯುವ ಸದ್ದು ಅಂಗಳಕ್ಕೂ ಕೇಳುತ್ತಿತ್ತು. ಹುಳುಮನೆಯ ಬಾಗಿಲಲ್ಲಿ ಮೊಳೆಗೆ ನೇತುಬಿಟ್ಟ ಫೋನು. ಅದರ ಮೇಲೆ ಶಾಖದ ಅಂಕಿ ದೊಡ್ಡದಾಗಿ ಬೆಳಗುತ್ತಿತ್ತು. ಸೊಪ್ಪಿನ ಮಂಕರಿ ಹೊತ್ತು ಬಂದ ಗಿರಿಜಾಂಬ ಅದನ್ನೊಮ್ಮೆ ನೋಡಿ, ಸರಿ ಎನ್ನುವಂತೆ ತಲೆಯಾಡಿಸಿದರು. ಮತ್ತೆ ಆಚೀಚೆ ನೋಡಿ, ಮಂಕರಿಯನ್ನು ಸೊಂಟಕ್ಕಿಳಿಸಿಕೊಂಡು, ಮೆಲ್ಲಗೆ ಬೆರಳು ಚಾಚಿದರು.

ಕವನ ಹಿಂದಿನಿಂದ ಬಂದು ಆ ಕೈ ಹಿಡಿದುಕೊಂಡಳು.

"ಒಂದೇ ಒಂದ್ಸಲ ಕಣವ್ವ," ಎಂದರು ಗಿರಿಜಾಂಬ.

ಕವನ ಕೈ ಬಿಡಲಿಲ್ಲ. ಬಿರುಕುಗಳು ಮಾಯುತ್ತಿದ್ದವು.