ಕೈ ನಡುಗಿದ ವಿಡಿಯೋ

ಕಂಡಕ್ಟರಮ್ಮ ಸೀಟಿ ಊದಿದರೆ ಆಕೆಯ ಬಸ್ಸಷ್ಟೇ ಅಲ್ಲ, ಮೂರು ಬೀದಿ ಆಚೆಯ ಬಸ್ಸುಗಳೂ ಗಕ್ಕನೆ ನಿಲ್ಲುತ್ತಿದ್ದವು. ಟಿಕೆಟ್ ತಪ್ಪಿಸುವ ಕಳ್ಳರು ಆ ದನಿ ಕೇಳಿ ನಾಳೆಯ ಟಿಕೆಟನ್ನೂ ಇವತ್ತೇ ಕೊಳ್ಳುತ್ತಿದ್ದರು. ಅಂಥವಳನ್ನು ಊರು ಒಂದೇ ವಾರದಲ್ಲಿ ‘ಪಾಪದ ಅಕ್ಕ’ ಮಾಡಿ ಕೂರಿಸಿತ್ತು.

ಆದದ್ದಿಷ್ಟು. ಹೊಸ ಯೂನಿಫಾರಂ ಹೊಲಿಸಲು ಆಕೆ ದರ್ಜಿ ಮಾವನ ಅಂಗಡಿಗೆ ಹೋಗಿದ್ದಳು. ಮಾವ ಗಿರಾಕಿಯನ್ನು ಆಳೆತ್ತರದ ಕನ್ನಡಿಯ ಮುಂದೆ ನಿಲ್ಲಿಸಿ, ಒಳಗೆ ಕೂತು ಬರೆದುಕೊಳ್ಳುವ ಹೆಂಡತಿಗೆ ಅಳತೆಯನ್ನು ಕೂಗಿ ಹೇಳುವುದು ಪದ್ಧತಿ. ಹೀಗಾಗಿ ಆ ಬೀದಿಯಲ್ಲಿ ಯಾರ ಸೊಂಟವೂ ಗುಟ್ಟಾಗಿ ಉಳಿದಿರಲಿಲ್ಲ. ಅವತ್ತು ಕಂಡಕ್ಟರಮ್ಮನ ಸೊಂಟಕ್ಕೆ ಟೇಪು ಸುತ್ತಿದವನೇ ಕೂಗಿದ: “ಲೇ ಇವಳೇ, ಇನ್ನೊಂದು ಟೇಪು ತಾರೇ, ಇದು ಅರ್ಧ ದಾರಿಗೇ ಸುಸ್ತಾಯ್ತು!”

ಅಂಗಡಿ ತುಂಬ ನಗು. ಎಲ್ಲರಿಗಿಂತ ಜೋರಾಗಿ ನಕ್ಕವನು ಪಕ್ಕದ ಮೊಬೈಲ್ ಅಂಗಡಿಯವನು. ಆ ನಗುವಿಗೆ ಗೋಡೆಯ ಗಡಿಯಾರವೇ ಹೆದರಿ ನಿಂತುಹೋಯಿತು. ನಗುತ್ತಲೇ ಅವನು ಫೋನ್ ಎತ್ತಿ ಹಿಡಿದಿದ್ದ. ಆಕೆ ಕೆಂಡವಾಗಿ, ಹೊಲಿಸಲು ತಂದ ಬಟ್ಟೆಯನ್ನು ಅಲ್ಲೇ ಬಿಸಾಡಿ ಹೊರಟುಬಂದಳು.

ಸಂಜೆಯೊಳಗೆ ವಿಡಿಯೋ ಊರೆಲ್ಲ ಹಬ್ಬಿತು. ಅದರಲ್ಲಿ ನಗುವೇ ಇರಲಿಲ್ಲ! ಮೊಬೈಲ್ ಅಂಗಡಿಯವನು ದನಿ ತೆಗೆದು, ಪಿಟೀಲಿನ ಗೋಳು ಹಾಕಿ, ಮಾವನ ಮಾತನ್ನು ಕೆಂಪಕ್ಷರದಲ್ಲಿ ಬರೆದಿದ್ದ. ಚಿತ್ರ ಗಡಗಡ ಅಲುಗುತ್ತಿತ್ತು. ‘ತೆಗೆದವರ ಕೈ ಸಿಟ್ಟಿಗೆ ಹೇಗೆ ನಡುಗಿದೆ ನೋಡಿ’ ಎಂದು ಊರು ಅತ್ತ ಕಣ್ಣೀರಿಗೆ ಚರಂಡಿಗಳು ಉಕ್ಕಿ ಹರಿದವು. ದರ್ಜಿ ಅಂಗಡಿಗೆ ಯಾರೂ ಕಾಲಿಡಬಾರದೆಂದು ಕಟ್ಟಪ್ಪಣೆಯಾಯಿತು. ಕೆಲವರು ಒಂದೇ ತೋಳು ಕೂಡಿಸಿದ್ದ ಅಂಗಿಯನ್ನೂ ಕಿತ್ತುಕೊಂಡು ಹೋದರು.

ಬಸ್ಸಿನಲ್ಲಿ ಕಂಡಕ್ಟರಮ್ಮನಿಗೆ ಉಸಿರಾಡಲೂ ಬಿಡುವಿಲ್ಲ.

“ಅಕ್ಕಾ, ಎದೆಗುಂದಬೇಡಿ, ನಿಮ್ಮ ಜೊತೆ ನಾವಿದ್ದೀವಿ. ಒಂದು ಸೆಲ್ಫಿ?”

“ಜೊತೆಗಿದ್ರೆ ಮೊದಲು ಟಿಕೆಟ್ ತಗೊಳ್ರೀ!”

ಮನೆಯಲ್ಲಿ ನಾದಿನಿ ಸುದ್ದಿ ತಂದಳು. “ಅತ್ತಿಗೆ, ದರ್ಜಿ ಮಾವ ಅಂಗಡಿ ಖಾಲಿ ಮಾಡಿ ಊರು ಬಿಡ್ತಿದಾರಂತೆ. ನಿನಗೆ ಬೇಕಾದ್ದು ಆಯ್ತಲ್ಲ?”

“ನನಗೇನು ಬೇಕು ಅಂತ ಯಾವನಾದ್ರೂ ಕೇಳಿದ್ನೇನೇ? ಅವರು ನನ್ನ ಮುಖ ನೋಡಿ ತಪ್ಪಾಯ್ತು ಅನ್ನಬೇಕು. ಊರೇ ಬಿಟ್ರೆ ನಾನು ಯಾರ ಬಾಯಿಂದ ಕೇಳಲಿ? ಇವರು ನ್ಯಾಯ ಕೊಡಿಸ್ತಿಲ್ಲ ಕಣೇ, ನನ್ನ ನ್ಯಾಯಾನೇ ಎತ್ತಾಕ್ಕೊಂಡು ಹೋಗ್ತಿದಾರೆ!”

ಚಪ್ಪಲಿ ಮೆಟ್ಟಿ ಹೊರಟಳು. ನೆಲ ಅದುರಿತು, ಬೀದಿ ದೀಪಗಳು ತಾವಾಗಿ ಹೊತ್ತಿಕೊಂಡವು.

ದರ್ಜಿ ಅಂಗಡಿಯ ಮುಂದೆ ಜನಜಂಗುಳಿ. ಒಳಗೆ ಮಾವ ಮಶೀನಿಗೆ ಹಗ್ಗ ಬಿಗಿಯುತ್ತಿದ್ದ. ಬಾಗಿಲಲ್ಲಿ ಮೊಬೈಲ್ ಅಂಗಡಿಯವನ ಭಾಷಣ.

“ಬನ್ನಿ ಅಕ್ಕಾ, ಇದೆಲ್ಲ ನಿಮಗೋಸ್ಕರಾನೇ,” ಎಂದು ಫೋನ್ ಎತ್ತಿದ.

“ನನಗೋಸ್ಕರಾನಾ? ಹಾಗಾದ್ರೆ ದನಿ ಇರೋ ವಿಡಿಯೋ ಹಾಕಪ್ಪ.”

“ಅದು... ಅಳಿಸಿಹೋಗಿದೆ ಅಕ್ಕ.”

“ಬೇಡ ಬಿಡು. ಎಲ್ಲರೂ ನಿಮ್ಮ ನಿಮ್ಮ ಫೋನಲ್ಲಿ ಆ ವಿಡಿಯೋ ತೆಗೀರಿ. ಇಷ್ಟು ದಿನ ನನ್ನ ಸೊಂಟ ನೋಡಿದ್ರಿ. ಈಗ ಹಿಂದಿರೋ ಕನ್ನಡಿ ನೋಡಿ!”

ನೋಡಿದರು. ಕನ್ನಡಿಯಲ್ಲಿ ಫೋನ್ ಹಿಡಿದವನು ಹೊಟ್ಟೆ ಹಿಡಿದು ನಗುತ್ತಿದ್ದ. ಮೂವತ್ತೆರಡು ಹಲ್ಲಿನ ಬಾಯಲ್ಲಿ ಅರವತ್ತನಾಲ್ಕು ಕಂಡವು. ಕೈ ನಡುಗಿದ್ದು ಆ ನಗುವಿಗೆ! ಅವನ ಹಿಂದೆ ಹಲ್ಲು ಕಿರಿದು ನಿಂತವರಲ್ಲಿ ನಾಲ್ವರು ಈಗ ಇಲ್ಲೇ, ‘ಧಿಕ್ಕಾರ’ದ ಹಲಗೆ ಹಿಡಿದಿದ್ದರು. ಹಲಗೆಗಳು ಮೆಲ್ಲಗೆ ಬೆನ್ನ ಹಿಂದೆ ಸರಿದವು.

“ನಕ್ಕೋರೂ ನೀವೇ, ಅತ್ತೋರೂ ನೀವೇ. ನಡುವೆ ನಾನೇನು ಗೊಂಬೇನಾ?”

ಮಾವನ ಮುಖದಲ್ಲಿ ಸಣ್ಣ ಗೆಲುವು ಮೂಡಿತು.

“ನೀವೇನು ಬಚಾವಾದ್ರಿ ಅಂದ್ಕೋಬೇಡಿ ಮಾವ. ಮೊದಲು ಆಡಿದ್ದು ನೀವೇ.”

ಗೆಲುವು ಅಲ್ಲೇ ಸತ್ತಿತು. “ತಪ್ಪಾಯ್ತು ತಾಯಿ,” ಎಂದು ಗೊಣಗಿದ.

“ಸೊಂಟ ಸಾರೋಕೆ ಆ ಗಂಟಲು, ತಪ್ಪು ಒಪ್ಪೋಕೆ ಈ ಗಂಟಲಾ? ಅವತ್ತಿನಷ್ಟೇ ಜೋರಾಗಿ!”

ಮಾವ ಕಣ್ಣು ಮುಚ್ಚಿ ಅರಚಿದ: “ತಪ್ಪಾಯ್ತಮ್ಮಾ!” ಊರಿನ ಕಾಗೆಗಳೆಲ್ಲ ಎದ್ದು ಪಕ್ಕದ ಊರಿಗೆ ವಲಸೆ ಹೋದವು.

ಕಂಡಕ್ಟರಮ್ಮ ಕನ್ನಡಿಯ ಮುಂದೆ ನಿಂತು ತೋಳೆತ್ತಿದಳು. “ಹಗ್ಗ ಬಿಚ್ಚಿ, ಅಳತೆ ತಗೊಳ್ಳಿ.”

ಮಾವ ಟೇಪು ಸುತ್ತಿದ, ಒಳಗೆ ಹೋಗಿ ಹೆಂಡತಿಯ ಕಿವಿಯಲ್ಲಿ ಪಿಸುಗುಟ್ಟಿದ.

“ಟೇಪು ಸಾಲ್ತಾ ಮಾವ?”

ಸಾಲುವುದೇನು, ಗೇಣುದ್ದ ಮಿಕ್ಕಿತ್ತು.