ಸ್ನೈಪರೋ, ಮೆಡಿಕ್ಕೋ?

ಕುಚ್ಚಲಕ್ಕಿ ಬೇಯಲಿಟ್ಟು ಬಂದು ನೋಡಿದರೆ, ಮಗಳು ಆಶ್ರಿತಾ ಕಂಪ್ಯೂಟರಿನ ಮುಂದೆ ಮುಖ ಊದಿಸಿಕೊಂಡು ಕೂತಿದ್ದಳು.

"ಎಂತ ಆಯ್ತು?"

"ಮತ್ತೆ ಸತ್ತೆ ಅಮ್ಮ. ಇದು ಹನ್ನೊಂದನೇ ಸಲ."

ಐದೈದು ಜನರ ಎರಡು ತಂಡಗಳು ಪರಸ್ಪರ ಗುಂಡು ಹಾರಿಸುವ ಆಟ ಅದು. ಭಾನುವಾರ ಮಣಿಪಾಲದಲ್ಲಿ ಪಂದ್ಯ. ತಂಡದಲ್ಲಿ ಪ್ರತಿಯೊಬ್ಬರೂ ಒಂದೊಂದು ಪಾತ್ರ ಆರಿಸಿ ಅದರಲ್ಲಿ ಪಳಗಬೇಕು. ಇವಳು ಆರಿಸಿದ್ದು ಸ್ನೈಪರ್, ಅಂದರೆ ದೂರದಲ್ಲಿ ಅಡಗಿ ಗುರಿಯಿಡುವವಳು. ಇವತ್ತು ಸಂಜೆಯೊಳಗೆ ಸುಧಾರಿಸದಿದ್ದರೆ ಇವಳನ್ನು ಬಿಟ್ಟು ಪರ್ಕಳದ ಸುಕೇಶನನ್ನು ಸೇರಿಸುತ್ತೇನೆ ಎಂದಿದ್ದಾಳೆ ನಾಯಕಿ, ಕಾಪುವಿನ ಲೊರ್ನಾ.

"ಅಡಗಿ ಕೂರುವುದು ನಿನ್ನಿಂದ ಆಗುವ ಕೆಲಸವಾ? ಯಾರಾದರೂ ಬಿದ್ದರೆ ಮೊದಲು ಓಡುವವಳು ನೀನು. ಬಿದ್ದವರನ್ನು ಎಬ್ಬಿಸುವವರು ಇಲ್ವಾ ಇದರಲ್ಲಿ?"

"ಉಂಟು, ಮೆಡಿಕ್. ಕಾರ್ಕಳದ ಹರ್ಷಿತ್ ಗೊಣಗಿಕೊಂಡು ಮಾಡ್ತಾನೆ. ಅದರಲ್ಲಿ ಎಂತ ಹೆಸರೂ ಬರುವುದಿಲ್ಲ."

ಹಾಗೆಂದರೂ ಹರ್ಷಿತ್‌ನ ಜೊತೆ ಪಾತ್ರ ಬದಲಿಸಿಕೊಂಡಳು. ನಾನು ಬಸಳೆ ಹೆಚ್ಚಲು ಕೂತೆ. ಸ್ವಲ್ಪ ಹೊತ್ತಿಗೇ ಸ್ಪೀಕರಿನಲ್ಲಿ ಲೊರ್ನಾಳ ಬೊಬ್ಬೆ.

"ಮಾರಾಯ್ತಿ, ನಾನಿಲ್ಲಿ ಸಾಯ್ತಾ ಇದ್ದೇನೆ! ಹರ್ಷಿತ್‌ಗೆ ಯಾಕೆ ಮದ್ದು? ಅವನು ಗುಂಡುಕಲ್ಲಿನ ಹಾಗೆ ಇದ್ದಾನೆ!"

"ಅವನದ್ದು ಮುಗಿಸಿ ನಿನ್ನ ಹತ್ತಿರವೇ ಬರ್ತಾ ಇದ್ದೆ!"

ನನಗೆ ನಗು ತಡೆಯಲಾಗಲಿಲ್ಲ. ಅಂಬಲಪಾಡಿಯ ದೇವಸ್ಥಾನದ ಊಟದಲ್ಲಿ ಆಶ್ರಿತಾ ನನ್ನ ಜೊತೆ ಬಡಿಸಲು ನಿಲ್ಲುತ್ತಾಳೆ. ಪಂಕ್ತಿಯ ತುದಿಯಿಂದ ಹೊರಡು, ಯಾರನ್ನೂ ದಾಟಿ ಹೋಗಬೇಡ ಎಂದು ಚಿಕ್ಕಂದಿನಲ್ಲೇ ಕಲಿಸಿದವಳು ನಾನು. ಹುಡುಗಿ ಯುದ್ಧದಲ್ಲೂ ಸಾಲು ತಪ್ಪಿಸುತ್ತಿರಲಿಲ್ಲ!

"ಮಗಾ, ಅದು ಮೊದಲ ಸುತ್ತಿನ ಕ್ರಮ. ಎರಡನೇ ಸಲ ಅನ್ನ ಹಿಡಿದು ಹೊರಟಾಗ ಎಂತ ನೋಡ್ತೀ?"

"ಯಾರ ಎಲೆ ಖಾಲಿ ಅಂತ."

"ಮತ್ತೆ?"

ಅವಳು ತಟ್ಟನೆ ಪರದೆಯ ಕಡೆ ತಿರುಗಿದಳು.

ಒಳಗೆ ಅನ್ನ ಉಕ್ಕಿತು. ಬಸಿದು ಬರುವಷ್ಟರಲ್ಲಿ ಬೊಬ್ಬೆಯೆಲ್ಲ ನಿಂತಿತ್ತು. ಆಟದಲ್ಲಿ ಆಶ್ರಿತಾ ಈಗ ಒಂದೇ ಕಡೆ ನಿಲ್ಲುತ್ತಿರಲಿಲ್ಲ. ಯಾರು ಕುಸಿಯುತ್ತಾರೋ ಅವರ ಪಕ್ಕದಲ್ಲೇ ಇರುತ್ತಿದ್ದಳು. ಲೊರ್ನಾ ಮೂರು ಸಲ ಬಿದ್ದಳು, ಮೂರು ಸಲವೂ ಎದ್ದಳು. ಅತ್ತ ಸ್ನೈಪರ್ ಆದ ಹರ್ಷಿತ್ ಒಬ್ಬನೇ ನಾಲ್ವರನ್ನು ಕೆಡವಿ ಕುಣಿಯುತ್ತಿದ್ದ.

"ಸುಕೇಶನಿಗೆ ಬರುವುದು ಬೇಡ ಅಂತೇನೆ. ಆಶ್ರಿತಾ, ಮೆಡಿಕ್ ನೀನೇ," ಎಂದಳು ಲೊರ್ನಾ. "ಯಾರು ಮಾರಾಯ್ತಿ ನಿನಗೆ ಹೇಳಿಕೊಟ್ಟದ್ದು?"

"ಅಮ್ಮ."

"ಆಂಟಿ, ಭಾನುವಾರ ನೀವೂ ಬನ್ನಿ!"

"ಬರ್ತೇನೆ," ಎಂದೆ. "ಆದರೆ ಹನ್ನೊಂದರ ಮೊದಲು ಯುದ್ಧ ಶುರು ಮಾಡಬೇಡಿ. ನನಗೆ ಬಟ್ಟೆ ಒಗೆಯಲಿಕ್ಕೆ ಉಂಟು."