ಆಮೇಲೆ

"ಸಮಸ್ತ ನಾಗರಿಕರ ಗಮನಕ್ಕೆ. ಬಚ್ಚಲುಮನೆಯ ನೀಲಿ ಟಬ್ಬಿನ ನೀರು ಬದಲಿಸುವ ಮಹತ್ಕಾರ್ಯವು ಈಗಷ್ಟೇ ಯಶಸ್ವಿಯಾಗಿ ನೆರವೇರಿದ್ದು, ಮಾನ್ಯ ನಿವಾಸಿಗಳು ಪುನಃ ಪ್ರವೇಶ ಮಾಡಿರುತ್ತಾರೆ. ಸಾರ್ವಜನಿಕರು ನೂಕುನುಗ್ಗಲಿಗೆ ಅವಕಾಶ ಕೊಡದೆ ಒಬ್ಬೊಬ್ಬರಾಗಿ ಬಂದು ಹಲ್ಲುಜ್ಜಿಕೊಂಡು ಹೋಗತಕ್ಕದ್ದು."

ಸಾರ್ವಜನಿಕರು ಎಂದರೆ ಅಕ್ಕ ಒಬ್ಬಳೇ. ಅವಳು ಅಡುಗೆಮನೆಯಿಂದಲೇ, "ಅರ್ಧ ನೀರು ನಿನ್ನ ಪ್ಯಾಂಟಿಗೆ ಚೆಲ್ಕೊಂಡಿದ್ದೀಯಲ್ಲ, ಅದನ್ನೂ ಪ್ರಕಟಣೇಲಿ ಸೇರ್ಸೋ," ಎಂದಳು. ನಗಲಿಲ್ಲ. ಆದರೆ ಹೇಳಿದಳಲ್ಲ, ಅಷ್ಟು ಸಾಕು ಎಂದುಕೊಂಡು ಮಾಮ ಪ್ಯಾಂಟು ಹಿಂಡಿಕೊಂಡ.

ಮಾಮನ ಕೆಲಸವೇ ಪ್ರಕಟಣೆ. ಕೆರೆ, ಕಾಡು, ಪ್ರಾಣಿಗಳನ್ನು ನೋಡಿಕೊಳ್ಳುವ ಇಲಾಖೆಯಲ್ಲಿ ಊರಿಗೆ ತಿಳಿಸಬೇಕಾದ್ದನ್ನೆಲ್ಲ ಬರೆಯುವ ಗುಮಾಸ್ತ. 'ಪ್ರಕಟಣೆ ಮಾಮ' ಎಂದು ಹೆಸರಿಟ್ಟವಳು ಅಕ್ಕನ ಮಗಳು. ಕ್ರಮೇಣ ಪ್ರಕಟಣೆ ಉದುರಿ, ಕೆಳಮನೆಯವರಿಂದ ಹಿಡಿದು ಹಾಲಿನವನವರೆಗೆ ಎಲ್ಲರಿಗೂ ಅವನು ಬರೀ ಮಾಮನಾದ.

ಟಬ್ಬಿನ ಮಾನ್ಯ ನಿವಾಸಿ ಒಂದು ಕೆಂಪುಕಿವಿ ಆಮೆ. ಕಣ್ಣಿನ ಹಿಂದೆ ಕುಂಚದಿಂದ ಎಳೆದಂತೆ ಕೆಂಪು ಪಟ್ಟೆ, ಊಟದ ತಟ್ಟೆಯಷ್ಟು ಅಗಲದ ಬೆನ್ನು. ಹುಡುಗಿ ಶಾಲೆಗೆ ಹೋಗುತ್ತಿದ್ದಾಗ ಬೀದಿಬದಿಯಲ್ಲಿ ಕೊಂಡು ಜೇಬಿನಲ್ಲಿ ಹಾಕಿಕೊಂಡು ಬಂದಿದ್ದಳು, ಆಗ ನಾಣ್ಯದಷ್ಟಿತ್ತು. ಅವಳು ಎಲ್ಲದಕ್ಕೂ ಆಮೇಲೆ ಅನ್ನುವವಳು. ತಲೆ ಬಾಚ್ಕೊಳ್ಳೇ ಅಂದರೆ ಆಮೇಲೆ, ಪುಸ್ತಕ ತೆಗಿಯೇ ಅಂದರೆ ಆಮೇಲೆ. ಇದಕ್ಕೇನು ಹೆಸರಿಡ್ತೀಯ ಎಂದು ಮಾಮ ಕೇಳಿದ್ದಕ್ಕೂ "ಆಮೇಲೆ" ಎಂದಳು. ಸರಿ, ಅದೇ ಹೆಸರು ಎಂದು ಮಾಮ ಘೋಷಿಸಿಬಿಟ್ಟ.

"ಆಮೆ ಹೊಕ್ಕ ಮನೆ, ಅಮೀನ ಹೊಕ್ಕ ಮನೆ ಉದ್ಧಾರ ಆಗಲ್ಲ," ಎಂದು ಎದುರುಮನೆಯಾಕೆ ಆಗಾಗ ಹೇಳುತ್ತಿದ್ದರು. "ಜಪ್ತಿಗೆ ಅಮೀನ ಬಂದ್ರೆ ಇರೋ ಮನೆ ಹೋಗತ್ತೆ ಕಣ್ರೀ. ಇದು ತನ್ನ ಮನೆ ತಾನೇ ಹೊತ್ಕೊಂಡು ಬಂದಿದೆ," ಎಂದು ಮಾಮ ಬಾಯಿ ಮುಚ್ಚಿಸುತ್ತಿದ್ದ. ನಾಲ್ಕು ವರ್ಷದ ಹಿಂದೆ ಒಂದು ಜ್ವರ ಬಂತು. ಕಾಲೇಜಿನ ಕೊನೆಯ ಪರೀಕ್ಷೆಗೆ ಓದುತ್ತಿದ್ದ ಹುಡುಗಿ ಆಸ್ಪತ್ರೆಗೆ ಹೋದವಳು ಮನೆಗೆ ಜೀವಂತವಾಗಿ ಬರಲಿಲ್ಲ. ಎದುರುಮನೆಯಾಕೆ ಆ ಗಾದೆ ಹೇಳುವುದನ್ನು ನಿಲ್ಲಿಸಿದರು. ಹೇಳದೆ ಬಿಟ್ಟದ್ದೇ ಹೆಚ್ಚು ಕೇಳಿಸುತ್ತಿತ್ತು.

ಗಂಡನನ್ನು ಮೊದಲೇ ಕಳೆದುಕೊಂಡಿದ್ದ ಅಕ್ಕ ಅಂದಿನಿಂದ ಮನುಷ್ಯರ ಜೊತೆ ಬೇಕಾದಷ್ಟೇ ಮಾತಾಡುತ್ತಾಳೆ. ಉಳಿದದ್ದೆಲ್ಲ ಟಬ್ಬಿಗೆ. ಇವತ್ತು ಸೊಪ್ಪು ಬಾಡಿದೆ, ಬಿಸಿಲು ಜಾಸ್ತಿ, ನಿನ್ನೆ ಅವಳ ಹಸಿರು ಕೋಟು ಬಿಸಿಲಿಗೆ ಹಾಕಿದ್ದೆ ಕಣೇ. ಆಮೆ ಕತ್ತು ಚಾಚಿ ಕೇಳುತ್ತಿತ್ತು. ಮದುವೆಯ ಗೋಜಿಗೆ ಹೋಗದ ಮಾಮ, ಎರಡು ದಿನ ಇದ್ದು ಹೋಗ್ತೀನಿ ಎಂದು ಆಗ ಪೆಟ್ಟಿಗೆ ಹಿಡಿದುಕೊಂಡು ಬಂದವನು, ಇನ್ನೂ ಹೋಗಿಲ್ಲ. ಬಟ್ಟೆಗಳನ್ನು ಇವತ್ತಿಗೂ ಆ ಪೆಟ್ಟಿಗೆಯಿಂದಲೇ ತೆಗೆದು ಹಾಕಿಕೊಳ್ಳುತ್ತಾನೆ.

ಆ ದಿನ ಆಫೀಸಿನಲ್ಲಿ ಸಮ್ಮೇಳನಗಳ ಸಭೆಯಿತ್ತು. ಬರುವ ತಿಂಗಳು ಆಕ್ರಮಣಕಾರಿ ಪ್ರಾಣಿಗಳ ನಿರ್ವಹಣೆಯ ಸಮ್ಮೇಳನ, ಅದರ ಮುಂದಿನ ತಿಂಗಳು ಸ್ಥಳೀಯ ಪ್ರಾಣಿಗಳ ಸಂರಕ್ಷಣೆಯ ಸಮ್ಮೇಳನ, ಅದಾದ ಮೇಲೆ ಎರಡರ ಸಾಧನೆಯನ್ನೂ ಪರಿಶೀಲಿಸಲು ಇನ್ನೊಂದು. ಹೊರಗಿನಿಂದ ಬಂದು ಇಲ್ಲಿ ಠಿಕಾಣಿ ಹೂಡಿದ ಪ್ರಾಣಿಗಳ ಬಗ್ಗೆ ಮಾತಾಡಲು ಇನ್ನೂರು ಜನ ಹೊರಗಿನಿಂದ ಬಂದು ಇಲ್ಲಿ ಠಿಕಾಣಿ ಹೂಡುವವರಿದ್ದರು.

"ಉದ್ಘಾಟನೆ ಹೊತ್ತಿಗೆ 'ಕೆಂಪುಕಿವಿ ಆಮೆ ಇಲ್ಲದ ಮೊದಲ ಊರು' ಅಂತ ಬೋರ್ಡ್ ಹಾಕ್ಬೇಕು," ಎಂದರು ನಿರ್ದೇಶಕರು. "ಕೆರೇಲಿರೋದನ್ನ ಹಿಡಿಸ್ತಿದ್ದೀವಿ. ಮನೇಲಿ ಸಾಕಿರೋದೂ ಬರ್ಬೇಕು. ಇವತ್ತು ಟಬ್ಬಲ್ಲಿರತ್ತೆ, ಬೇಜಾರಾದ್ರೆ ನಾಳೆ ತಂದು ಕೆರೆಗೆ ಬಿಡ್ತಾರೆ."

"ಆಗದಿದ್ರೆ ನಮ್ಮ ಕೈಗೆ ಚಿಪ್ಪೇ ಸಾರ್," ಎಂದು ಯಾರೋ ಅಂದರು. ಎಲ್ಲರೂ ನಕ್ಕರು.

ಕೆರೆ ಮೇಡಂ ನಗಲಿಲ್ಲ. ದಿನವಿಡೀ ಮೊಣಕಾಲುದ್ದ ನೀರಿನಲ್ಲಿ ನಿಂತು ಲೆಕ್ಕ ಬರೆದುಕೊಳ್ಳುವ ವಿಜ್ಞಾನಿಗೆ ಆಫೀಸು ಇಟ್ಟ ಹೆಸರು ಅದು. "ಊರ ಕೆರೇಲಿ ನಮ್ಮ ನಾಡಿನ ಆಮೆ ಮರಿ ಮಾಡಿದ್ದು ನೋಡಿ ಎಷ್ಟು ವರ್ಷ ಆಯ್ತೋ," ಎಂದರು. "ಒಂದು ಮುದಿ ಆಮೆ ಇತ್ತು. ದಿನಾ ಒಂದೇ ಕಲ್ಲಿನ ಮೇಲೆ ಬಿಸಿಲು ಕಾಯ್ತಿತ್ತು. ಈಗ ಆ ಕಲ್ಲಿನ ಮೇಲೂ ಇವೇ ಕೂತಿರ್ತವೆ. ಅದೆಲ್ಲಿ ಹೋಯ್ತೋ ಗೊತ್ತಿಲ್ಲ."

ಮಾಮನಿಗೆ ಆ ದನಿಯ ಗುರುತು ಸಿಕ್ಕಿತು. ಬಚ್ಚಲುಮನೆಯ ಬಾಗಿಲಾಚೆಯಿಂದ ದಿನವೂ ಕೇಳುವ ಅಕ್ಕನ ದನಿ. ಮೇಜಿನ ಮೇಲಿದ್ದ ಕರಡಿನಲ್ಲಿ 'ಹೀಗೆ ಪಡೆದ ಆಮೆಗಳನ್ನು ಕೊಲ್ಲಲಾಗುವುದು' ಎಂದಿತ್ತು. ನಿರ್ದೇಶಕರು ಮುಖ ಸಿಂಡರಿಸಿದ್ದಕ್ಕೆ ಮಾಮನೇ 'ನಿರ್ವಹಿಸಲಾಗುವುದು' ಎಂದು ತಿದ್ದಿಕೊಟ್ಟ.

ಸಂಜೆ ಕೆಲಸದ ಕಾಗದವನ್ನು ಮನೆಗೆ ತಂದು ಅಕ್ಕನಿಗೆ ಓದಿ ಹೇಳಿದ. ಹೇಗಿದ್ದರೂ ತಿಳಿಯಲೇಬೇಕಾದದ್ದು.

"ನಿರ್ವಹಣೆ ಅಂದ್ರೆ ಏನೋ?"

"ನೋಡ್ಕೊಳ್ಳೋದು."

"ನಾನು ನೋಡ್ಕೊಳ್ಳೋ ಥರನಾ, ಒಂದು ಕೈ ನೋಡ್ಕೊಳ್ಳೋ ಥರನಾ?"

ಮಾತಿನ ಮಲ್ಲ ಮಾಮ ಕಾಗದವನ್ನು ನಾಲ್ಕಾಗಿ ಮಡಿಚಿದ. ಅಕ್ಕ ಎದ್ದು ಬಚ್ಚಲುಮನೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಅವನು ಕಿವಿಗೊಟ್ಟು ಕೂತ. ಅಂದು ಅವಳು ಆಮೆಗೂ ಏನೂ ಹೇಳಲಿಲ್ಲ.

ಮರುದಿನ ಮಾಮ ಒಂದು ವಿನಾಯಿತಿ ಬರೆದ. ತನ್ನ ಇಡೀ ಚಾಕರಿಯಲ್ಲಿ ಅಷ್ಟು ಮನಸ್ಸಿಟ್ಟು ಅವನು ಏನನ್ನೂ ಬರೆದಿರಲಿಲ್ಲ. ಅರವತ್ತು ದಾಟಿದ ಹಿರಿಯರು ಹತ್ತು ವರ್ಷಕ್ಕೂ ಮೇಲ್ಪಟ್ಟು ಮನೆಯೊಳಗೇ ಸಾಕಿದ ಆಮೆ, ಅದರ ಆಯಸ್ಸು ಇರುವವರೆಗೆ ಅವರ ಬಳಿಯೇ ಇರಬಹುದು.

ನಿರ್ದೇಶಕರು ಅಡ್ಡಡ್ಡ ತಲೆಯಾಡಿಸಿದರು. "ಇದೇನ್ರೀ ಇದು. ಅರವತ್ತು ದಾಟಿದೋರು ಊರ ತುಂಬ ಇದ್ದಾರೆ. ಎಲ್ಲರೂ ಆಮೆ ಹಿಡ್ಕೊಂಡು ಸಾಲು ನಿಂತ್ರೆ ನನ್ನ ಬೋರ್ಡ್ ಗತಿ ಏನು?"

"ಒಂದು ನಿಮಿಷ ಸಾರ್," ಎಂದು ಮಾಮ ನಿಂತಲ್ಲೇ ತಿದ್ದಿದ. 'ಒಬ್ಬರ ಒಡನಾಟವೂ ಒದಗದೆ ಒಂಟಿಯಾಗಿ ಬದುಕುತ್ತಿರುವ ಹಿರಿಯರು.' ಓದಿ ತೋರಿಸಿದ. ಒಕಾರಗಳು ಒಂದರ ಹಿಂದೊಂದು ಸಾಲಾಗಿ ಬಂದು ನಿರ್ದೇಶಕರ ಎದೆ ತಟ್ಟಿದವು. ಅವರಿಗೂ ಊರಲ್ಲಿ ಒಂಟಿಯಾಗಿರುವ ಚಿಕ್ಕಮ್ಮ ಒಬ್ಬರಿದ್ದರು. "ಚೆನ್ನಾಗಿ ಬರೀತೀರ ಕಣ್ರೀ," ಎಂದು ಸಹಿ ಹಾಕಿದರು. ಕೆಳಗೆ, ಮಾಮ ಎಲ್ಲ ಪ್ರಕಟಣೆಗಳಿಗೂ ಅಭ್ಯಾಸಬಲದಿಂದ ಹಾಕುವ ಸಾಲು ಇದಕ್ಕೂ ಬಿತ್ತು: ಈ ಪ್ರಕಟಣೆ ಹೊರಬಿದ್ದ ದಿನದ ಸ್ಥಿತಿಯನ್ನಷ್ಟೇ ಪರಿಗಣಿಸಲಾಗುವುದು.

ಪ್ರಕಟಣೆ ಹೊರಬಿತ್ತು. ಮೊಟ್ಟಮೊದಲ ಹೆಸರಾಗಿ ಅಕ್ಕನ ಹೆಸರನ್ನು ಮಾಮನೇ ಕೊಟ್ಟು ಬಂದ. ಅಂದು ಬಚ್ಚಲುಮನೆಯಿಂದ, "ನಿನಗೇ ಅಂತ ಒಂದು ಕಾನೂನು ಮಾಡ್ಸಿದ್ದಾನೆ ಕಣೇ ನಿನ್ನ ಮಾಮ," ಎಂಬುದು ಕೇಳಿತು. ಮಾಮ ದಿಂಬಿಗೆ ಮುಖ ಒತ್ತಿಕೊಂಡು ನಕ್ಕ. ನಗುವೇ ಇರಬೇಕು.

ಪರಿಶೀಲನೆಗೆ ಕೆರೆ ಮೇಡಂ ಬಂದರು. ಜೊತೆಗೆ ತಂದ ಪ್ಲಾಸ್ಟಿಕ್ ಬುಟ್ಟಿಯನ್ನು ಸಂಕೋಚದಿಂದ ಬಾಗಿಲ ಹೊರಗೇ ಇಟ್ಟು, ಚಪ್ಪಲಿ ಬಿಟ್ಟು ಒಳಬಂದರು. ಬಚ್ಚಲುಮನೆಯಲ್ಲಿ ಆಮೆಯ ಎದುರು ಕುಕ್ಕರಗಾಲಲ್ಲಿ ಕೂತು, "ಎಷ್ಟು ಚೆನ್ನಾಗಿ ಸಾಕಿದ್ದೀರಮ್ಮ. ಚಿಪ್ಪಿನ ಮೇಲೆ ಒಂದು ಕಲೆ ಇಲ್ಲ," ಎಂದರು. ಅಕ್ಕ ಅಲ್ಲಿಗೇ ಟೀ ತಂದುಕೊಟ್ಟಳು. ವಯಸ್ಸು ಸರಿಹೋಯಿತು. ಆಮೆಯ ವಯಸ್ಸೂ ಸರಿಹೋಯಿತು.

"ಮನೇಲಿ ಯಾರ್ಯಾರು ಇರೋದಮ್ಮ?"

"ನಾನು, ಇವನು."

ಮೇಡಂ ಪೆನ್ನು ನಿಂತಿತು. ಮಾಮನ ಮುಖ ನೋಡಿದರು. 'ಒಂಟಿಯಾಗಿ' ಎಂಬ ಸಾಲು ಬರೆದವನು ಯಾರೆಂದು ಅವರಿಗೆ ಗೊತ್ತಿತ್ತು. ಮಾಮನಿಗೆ ಆ ಕ್ಷಣದಲ್ಲಷ್ಟೇ ತಿಳಿಯಿತು. ಅಕ್ಕ ಒಂಟಿ ಎಂದು ಈ ನಾಲ್ಕು ವರ್ಷವೂ ಮರುಗಿದವನು, ಅದೇ ಮನೆಯಲ್ಲಿ ಕೂತು ಮರುಗುತ್ತಿದ್ದೇನೆ ಎಂಬುದನ್ನು ಒಮ್ಮೆಯೂ ಎಣಿಸಿಕೊಂಡಿರಲಿಲ್ಲ.

"ನಾನು ಆಟಕ್ಕುಂಟು ಲೆಕ್ಕಕ್ಕಿಲ್ಲ ಮೇಡಂ. ಬೇಕಾದ್ರೆ ಇವತ್ತೇ ಬೇರೆ ರೂಮ್ ಮಾಡ್ತೀನಿ."

"ಪ್ರಕಟಣೆ ದಿನದ ಸ್ಥಿತಿ ಅಂತ ನೀವೇ ಬರ್ದಿದ್ದೀರಲ್ಲ ಸಾರ್." ಮೇಡಂ ದನಿ ತಗ್ಗಿಸಿದರು. "ಅಮ್ಮ, ಇವರು ಆಗಾಗ ಬಂದು ಹೋಗೋರಾ? ನೆಂಟರ ಥರ? ನೀವು ಹಾಗಂತ ಒಂದು ಮಾತು ಹೇಳಿದ್ರೆ ಹಾಗೇ ಬರ್ಕೊತೀನಿ. ನಾನೇನೂ ಮತ್ತೆ ಕೇಳಲ್ಲ."

"ಹೌದು ಹೌದು, ನೆಂಟನೇ," ಎಂದ ಮಾಮ. "ನೋಡಿ ಬೇಕಾದ್ರೆ, ಮಂಚದ ಕೆಳಗೆ ಪೆಟ್ಟಿಗೆ ಇನ್ನೂ ಹಾಗೇ ಇದೆ. ಹೇಳಕ್ಕ."

ಟಬ್ಬಿನಲ್ಲಿ ಆಮೆ ಕತ್ತು ಚಾಚಿತು. ಅಕ್ಕ ಅದನ್ನು ನೋಡಿದಳು, ತಮ್ಮನನ್ನು ನೋಡಿದಳು. ಲೋಟ ಕೆಳಗಿಟ್ಟಳು.

"ಹೇಳಕ್ಕ," ಎಂದ ಮಾಮ ಮತ್ತೆ, ಈ ಸಲ ಬೇಡಿಕೊಳ್ಳುವವನ ಹಾಗೆ.

"ಸುಮ್ನಿರೋ." ಅಕ್ಕ ಮೇಡಂ ಕಡೆ ತಿರುಗಿದಳು. "ಇವನು ನನ್ನ ತಮ್ಮ ಕಣಮ್ಮ. ಇಲ್ಲೇ ಇರೋದು. ದಿನಾ ಬೆಳಿಗ್ಗೆ ಬಚ್ಚಲು ಬಾಗಿಲಲ್ಲಿ ನಿಂತು ಬಡಬಡಿಸ್ತಾನೆ. ನನಗೆ ನಗು ಬರಲ್ಲ. ಆದ್ರೆ ಅದು ಕಿವಿಗೆ ಬೀಳದಿದ್ರೆ ನಾನು ಹಾಸಿಗೆ ಬಿಟ್ಟು ಏಳ್ತಿರ್ಲಿಲ್ಲ." ಮೇಡಂ ಕೈಯಲ್ಲಿದ್ದ ಕಾಗದ ತೋರಿಸಿದಳು. "ಒಂಟಿ ಅಂತ ಬರ್ಕೋಬೇಡಿ. ಹಾಗಂತ ನನ್ನ ಬಾಯಲ್ಲಿ ಬರಲ್ಲ."

ಮೇಡಂ ಏನನ್ನೂ ಬರೆದುಕೊಳ್ಳಲಿಲ್ಲ. ಎದ್ದು ಹೋಗಿ ಬುಟ್ಟಿ ತಂದರು. ಮಾಮ ಕಿಟಕಿಯ ಸರಳು ಹಿಡಿದು ಬೆನ್ನು ತಿರುಗಿಸಿ ನಿಂತಿದ್ದ.

"ನೋವಾಗದ ಹಾಗೆ ಮಾಡ್ತೀವಮ್ಮ. ನಾನೇ ಜೊತೇಲಿರ್ತೀನಿ," ಎಂದರು ಮೇಡಂ.

"ಹಿಂದಿನಿಂದ ಹಿಡೀಬೇಡಿ, ಹೆದರ್ಕೊಳತ್ತೆ. ಮೊದಲು ಮುಂದೆ ಕೈ ತೋರ್ಸಿ," ಎಂದಳು ಅಕ್ಕ. ರವಿಕೆಯ ತೋಳು ಮೇಲಕ್ಕೆ ಮಡಿಚಿಕೊಂಡು ತಾನೇ ನೀರಿಗೆ ಕೈ ಹಾಕಿ ಎತ್ತಿ ಬುಟ್ಟಿಗಿಟ್ಟಳು. ಒಂದು ಬದಿ ಮೇಡಂ ಹಿಡಿದರು, ಇನ್ನೊಂದು ಬದಿ ಅವಳು. ಇಬ್ಬರೂ ಒಂದೊಂದೇ ಮೆಟ್ಟಿಲು ಇಳಿದರು.

ಗಾಡಿ ಬೀದಿಯ ತಿರುವು ದಾಟುವವರೆಗೆ ಅಕ್ಕ ಕೆಳಗೇ ನಿಂತಿದ್ದಳು. ಆಮೇಲೆ ಮಹಡಿ ಹತ್ತತೊಡಗಿದಳು. ಒದ್ದೆಯಾಗಿದ್ದ ಬಲಗೈಯನ್ನು ಒರೆಸಿಕೊಳ್ಳದೆ, ಮೈಗೂ ಗೋಡೆಗೂ ತಾಗದ ಹಾಗೆ ಒಂದಿಷ್ಟು ದೂರ ಹಿಡಿದುಕೊಂಡಿದ್ದಳು.